ವಾರದ ವಿಚಾರ: ಮೂರನೆಯವನ ಸಾಕ್ಷಿ

ಕಳೆದ ವರ್ಷ ದೀಪಾವಳಿಗೆ ಮುಂಚೆ ನಮ್ಮ ಕಾಗದನಗರದಲ್ಲಿ ಒಂದು ವಿಚಿತ್ರವಾದ ವ್ಯಾಜ್ಯವುಂಟಾಯಿತು. ವಾದಿ ಪ್ರತಿವಾದಿಗಳಿಬ್ಬರೂ ಕಂಪ್ಯೂಟರುಗಳು. ಎರಡರ ಬಳಿಯಲ್ಲಿಯೂ ಒಂದೇ ಹೆಸರಿನ ಪುಸ್ತಕವಿದ್ದಿತು. "ನನ್ನಲ್ಲಿರುವುದೇ ಸರಿಯಾದ ಪ್ರತಿ, ಅವನದು ಹಳೆಯದು" ಎಂದು ಒಂದು ದೂರಿದರೆ, ಅದೇ ಮಾತನ್ನು ಇನ್ನೊಂದೂ ದೂರಿತು. ತೀರ್ಪು ಹೇಳಲು ಮೂರನೆಯವರಿಲ್ಲದ ಕಾರಣ ಪುಸ್ತಕವನ್ನು ತೆರೆಯುವುದೇ ನಿಂತುಹೋಯಿತು. ಇದು ಹಾಸ್ಯಕ್ಕಾಗಿ ಕಟ್ಟಿದ ಕಥೆಯಲ್ಲ. ತಪ್ಪು ನನ್ನದೇ ಆಗಿದ್ದುದರಿಂದ ಅದನ್ನು ವಾಚಕರ ಮುಂದಿಡಲು ಕೊಂಚ ಸಂಕೋಚವಾಗುತ್ತದೆ. ಆದರೆ ಇಂದು ಫೋಟೋಗಳನ್ನೂ ಕಾಗದಪತ್ರಗಳನ್ನೂ ಯಂತ್ರದಲ್ಲಿಡದ ಮನೆಯೇ ಇಲ್ಲವಾದುದರಿಂದ ಹೇಳಿಬಿಡುವುದೇ ಲೇಸು.

ಮೊದಲು ಹಿನ್ನೆಲೆ. ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿಕೊಂಡದ್ದು 1923ರಲ್ಲಿ. ಮೈಸೂರು ಕಾಗದ ಕಾರ್ಖಾನೆ ಸ್ಥಾಪಿತವಾದುದು 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ. ಆ ಕಾರ್ಖಾನೆಯ ಸುತ್ತ ಬೆಳೆದ ಊರೇ ನಮ್ಮ ಕಾಗದನಗರ. ಮಿಲ್ಲಿನ ಸೈರನ್ನಿಗೆ ಎದ್ದು, ಮಿಲ್ಲಿನ ಸೈರನ್ನಿಗೆ ಉಂಡು, ಬಿದಿರಿನ ತಿರುಳಿನ ವಾಸನೆಯನ್ನು ಊರಿನ ಗಾಳಿಯೆಂದೇ ಭಾವಿಸಿ ಬೆಳೆದವರು ನಾವು. 2015ರಲ್ಲಿ ಯಂತ್ರಗಳು ನಿಂತವು. ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾದವು. ಮಕ್ಕಳು ಬೆಂಗಳೂರಿಗೋ ಪುಣೆಗೋ ದೂರದೇಶಕ್ಕೋ ಹೋದರು; ಹೋಗುವಾಗ ಟ್ರಂಕಿನಲ್ಲಿದ್ದ ಹಳೆಯ ಫೋಟೋಗಳನ್ನು ಗುಜರಿಯವನಿಗೆ ತೂಗಿಕೊಟ್ಟವರೂ ಉಂಟು.

ಇದನ್ನು ಕಂಡು ಮನಸ್ಸು ತಡೆಯಲಾರದೆ ನಾವು ನಾಲ್ಕಾರು ನಿವೃತ್ತರು ಒಂದು ಸಣ್ಣ ವಾಚನಾಲಯದಲ್ಲಿ ಕಲೆತು, ಊರಿನ ನೆನಪುಗಳನ್ನು ಕೂಡಿಸತೊಡಗಿದೆವು. ಗುಂಪು ಭಾವಚಿತ್ರಗಳು, ಶಾಲೆಯ ವಾರ್ಷಿಕ ಸಂಚಿಕೆಗಳು, ನಾಟಕದ ಕರಪತ್ರಗಳು, ಕಾರ್ಮಿಕ ಸಂಘದ ನೋಟೀಸುಗಳು, ಮದುವೆಯ ಕರೆಯೋಲೆಗಳು, ಏನು ಸಿಕ್ಕಿದರೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಸೇರಿಸಿದೆವು. ಕಾಗದದ ಊರಿನ ನೆನಪನ್ನು ಕಾಗದದಲ್ಲಿಡಬಾರದೆ ಎಂದು ಕೇಳಬಹುದು. ಕಾಗದದ ಗುಣವನ್ನು ನಮಗಿಂತ ಬಲ್ಲವರಾರು? ಮರದ ತಿರುಳಿನಲ್ಲಿ ಉಳಿದ ಲಿಗ್ನಿನ್ ಎಂಬ ಪದಾರ್ಥವು ಬೆಳಕಿಗೂ ಗಾಳಿಗೂ ಸಿಕ್ಕಿ ಹಳದಿಯಾಗುತ್ತದೆ. ಅಗ್ಗದ ಸುದ್ದಿಕಾಗದ ಬೇಗನೆ ಬಣ್ಣಗೆಟ್ಟು ಮುರಿಯುವುದು ಇದರಿಂದಲೇ. ಮಲೆನಾಡಿನ ಸೆರಗಿನ ಥಂಡಿಯೂ ಗೆದ್ದಲೂ ಉಳಿದ ಕೆಲಸವನ್ನು ಮುಗಿಸುತ್ತವೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಸಂಗ್ರಹದ ಉದ್ಯೋಗದಲ್ಲಿರುವ ನನ್ನ ಸೋದರಳಿಯ ಒಮ್ಮೆ ರಜೆಗೆ ಬಂದವನು ನಮ್ಮ ವ್ಯವಸ್ಥೆಯನ್ನು ನೋಡಿ ಹೌಹಾರಿದ.

"ಮಾವ, ಇಷ್ಟೆಲ್ಲವನ್ನೂ ಒಂದೇ ಡಿಸ್ಕಿನಲ್ಲಿ ಇಟ್ಟಿದ್ದೀರಲ್ಲ! ಇದು ಕೆಟ್ಟರೆ?"

"ಹೊಸದಪ್ಪಾ, ಕೆಡುವುದಿಲ್ಲ" ಎಂದೆ.

"ಎಲ್ಲ ಡಿಸ್ಕೂ ಒಂದು ದಿನ ಕೆಡುತ್ತದೆ, ಮಾವ. ಯಾವ ದಿನ ಎಂಬುದಷ್ಟೇ ಗೊತ್ತಿರುವುದಿಲ್ಲ."

ಅವನ ಮಾತು ಹೊಸದೇನಲ್ಲ. ಸಾವಿರ ವರ್ಷಗಳ ಹಿಂದೆ ದಾನಚಿಂತಾಮಣಿ ಅತ್ತಿಮಬ್ಬೆಗೆ ಇದು ತಿಳಿದಿತ್ತು. ಪೊನ್ನನ ಶಾಂತಿಪುರಾಣವು ಅಳಿದುಹೋಗಬಾರದೆಂದು ಆ ತಾಯಿ ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ಧವಲ, ಜಯಧವಲ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಮೂಡಬಿದಿರೆಯ ಬಸದಿಯೊಂದರಲ್ಲಿ ಮಾತ್ರ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಆರಂಭವಾಗಿ, 1939ರಿಂದ ಮುದ್ರಣವಾಗತೊಡಗಿದ ಮೇಲೆಯೇ ಅವು ಲೋಕಕ್ಕೆ ಸಿಕ್ಕಿದುದು. ನಡುವೆ ಆ ಬಸದಿಗೆ ಬೆಂಕಿ ಬಿದ್ದಿದ್ದರೆ? ಒಂದೇ ಪ್ರತಿಯೆಂದರೆ ಒಂದೇ ಎಳೆಯ ದಾರದಲ್ಲಿ ತೂಗಿದಂತೆ.

ಸೋದರಳಿಯ ಸೂಚಿಸಿದುದು 'ಹಂಚಿದ ಸಂಗ್ರಹ'. ಹಲವು ಸಾಧಾರಣ ಕಂಪ್ಯೂಟರುಗಳನ್ನು ತಂತಿಯಿಂದ ಸೇರಿಸಿ, ಅವುಗಳ ಡಿಸ್ಕುಗಳೆಲ್ಲವೂ ಕೂಡಿ ಒಂದೇ ದೊಡ್ಡ ಕಪಾಟಿನಂತೆ ಕಾಣುವಂತೆ ಮಾಡುವ ಏರ್ಪಾಡು. ಅದಕ್ಕೆ ಅವನು ಆರಿಸಿಕೊಂಡ ತಂತ್ರಾಂಶದ ಹೆಸರು ಗ್ಲಸ್ಟರ್. ಕನ್ನಡಿಗರಿಗೆ ಇದರ ನಂಟು ಸಮೀಪದ್ದೇ. ತಮಿಳುನಾಡಿನ ಆನಂದ ಬಾಬು ಪೆರಿಯಸಾಮಿ ಎಂಬವರು ಅಮೆರಿಕದಲ್ಲಿ 'ಥಂಡರ್' ಎಂಬ ಮಹಾಗಣಕವನ್ನು ಕಟ್ಟಿದ ಸಂಸ್ಥೆಯಲ್ಲಿದ್ದರು. 2004ರಲ್ಲಿ ಅದು ಜಗತ್ತಿನ ವೇಗದ ಗಣಕಗಳಲ್ಲಿ ಎರಡನೆಯದಾಗಿತ್ತು. ಮರುವರ್ಷ ಅವರು ಆರಂಭಿಸಿದ ಗ್ಲಸ್ಟರಿನ ಕೆಲಸ ಬಹುಪಾಲು ಬೆಂಗಳೂರಿನಲ್ಲಿ ನಡೆಯಿತು. 2011ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಅದನ್ನು ಸುಮಾರು 13 ಕೋಟಿ 60 ಲಕ್ಷ ಡಾಲರಿಗೆ ಕೊಂಡಿತು. ಆ ಸಂಸ್ಥೆಯ ವಾಣಿಜ್ಯ ಆವೃತ್ತಿಗೆ ಬೆಂಬಲ 2024ರ ಕೊನೆಗೆ ಮುಗಿದಿದೆಯಾದರೂ, ಮೂಲ ಬರಹ ಮುಕ್ತವಾಗಿರುವುದರಿಂದ ಯಾರು ಬೇಕಾದರೂ ಉಪಯೋಗಿಸಬಹುದು. ಅದರಲ್ಲಿ ಪಳಗಿದ ಕೆಲವು ಇಂಜಿನಿಯರುಗಳು ಅದೇ ತಳಹದಿಯ ಮೇಲೆ ಕಟ್ಟಿದ ಇನ್ನೊಂದು ಸಂಗ್ರಹಕ್ಕೆ ಅಚ್ಚ ಕನ್ನಡದಲ್ಲಿ 'ಕಡಲು' ಎಂದೇ ಹೆಸರಿಟ್ಟಿದ್ದಾರೆ.

ಇನ್ನು ಕಟ್ಟುವ ಬಗೆ. ಇದರಲ್ಲಿ ಪ್ರತಿಯೊಂದು ಡಿಸ್ಕಿನ ಪಾಲಿಗೂ 'ಬ್ರಿಕ್ಕು', ಎಂದರೆ ಇಟ್ಟಿಗೆ, ಎಂದು ಹೆಸರು. ಇಟ್ಟಿಗೆಗಳನ್ನು ಸೇರಿಸಿ ಕಟ್ಟಿದ ಕಪಾಟು 'ವಾಲ್ಯೂಮು'. ಮೊದಲು ಡಿಸ್ಕಿನ ಮೇಲೆ ಎಕ್ಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು ಹಾಕಿ, ಅದನ್ನು ಒಂದು ಜಾಗದಲ್ಲಿ ಕೂಡಿಸಿ, ಅದರೊಳಗೆ ಇನ್ನೊಂದು ಕೋಶವನ್ನು ಮಾಡಿ ಅದನ್ನೇ ಇಟ್ಟಿಗೆಯೆಂದು ತೋರಿಸಬೇಕು. ಒಳಗೊಂದು ಕೋಶವೇಕೆ ಎಂದು ಕೇಳಿದೆ. ಅವನೆಂದ: "ಒಂದು ದಿನ ಡಿಸ್ಕು ಕೂಡಿಕೊಳ್ಳದೆ ಹೋಯಿತೆನ್ನಿ. ಆಗ ಆ ಜಾಗ ಬರಿಯ ಬಾಗಿಲಾಗಿ ಉಳಿಯುತ್ತದೆ. ಒಳಕೋಶವಿದ್ದರೆ ಅದು ಕಾಣದೆ ಕೆಲಸ ನಿಲ್ಲುತ್ತದೆ. ಇಲ್ಲದಿದ್ದರೆ ಡಿಸ್ಕಿಗೆ ಹೋಗಬೇಕಾದುದೆಲ್ಲ ಯಂತ್ರದ ಸ್ವಂತ ಜಾಗಕ್ಕೆ ಸುರಿದು, ಅದು ತುಂಬಿ ಯಂತ್ರವೇ ಕೂತುಬಿಡುತ್ತದೆ." ಡಬ್ಬಿ ಇದೆಯೋ ಇಲ್ಲವೋ ನೋಡದೆ ಕಪಾಟಿನ ಹಲಗೆಯ ಮೇಲೆ ಅಕ್ಕಿ ಸುರಿದಂತೆ ಎಂದು ನಾನು ಅರ್ಥ ಮಾಡಿಕೊಂಡೆ.

ಇಟ್ಟಿಗೆಗಳನ್ನು ಸೇರಿಸುವುದರಲ್ಲಿ ಮುಖ್ಯವಾಗಿ ಮೂರು ಕ್ರಮಗಳು. ತಲಾ 4 ಟೆರಾಬೈಟಿನ ಮೂರು ಡಿಸ್ಕುಗಳು ಮೂರು ಯಂತ್ರಗಳಲ್ಲಿವೆಯೆಂದು ಇಟ್ಟುಕೊಳ್ಳೋಣ.

ಮೊದಲನೆಯದು ಹಂಚಿಕೆ. ಪ್ರತಿಯೊಂದು ಕಡತವೂ ಯಾವುದಾದರೊಂದು ಡಿಸ್ಕಿಗೆ ಮಾತ್ರ ಹೋಗುತ್ತದೆ. ಯಾವುದಕ್ಕೆ ಎಂಬುದನ್ನು ಬರೆದಿಡುವ ಗುಮಾಸ್ತನೇ ಇಲ್ಲ. ಕಡತದ ಹೆಸರಿನಿಂದಲೇ ಒಂದು ಸಂಖ್ಯೆಯನ್ನು ಲೆಕ್ಕ ಹಾಕಿ, ಆ ಸಂಖ್ಯೆ ಯಾವ ಡಿಸ್ಕಿನ ಪಾಲಿಗೆ ಸೇರಿದೆಯೋ ಅಲ್ಲಿಡುತ್ತಾರೆ; ಹುಡುಕುವಾಗಲೂ ಅದೇ ಲೆಕ್ಕ. ಹೀಗೆ 12 ಟೆರಾಬೈಟೂ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಡಿಸ್ಕು ಹೋದರೆ ಅದರಲ್ಲಿದ್ದುದು ಹೋದಂತೆಯೇ.

ಎರಡನೆಯದು ಪ್ರತಿಕರಣ. ಪ್ರತಿ ಕಡತವೂ ಮೂರು ಯಂತ್ರಗಳಲ್ಲಿಯೂ ಇರುತ್ತದೆ. ಉಪಯೋಗಕ್ಕೆ ಬರುವುದು 4 ಟೆರಾಬೈಟು ಮಾತ್ರ. ಆದರೆ ಎರಡು ಡಿಸ್ಕುಗಳು ಸುಟ್ಟುಹೋದರೂ ಮೂರನೆಯದರಲ್ಲಿ ಇಡೀ ಸಂಗ್ರಹ ಉಳಿದಿರುತ್ತದೆ.

ಮೂರನೆಯದು ಕೊಂಚ ಜಾಣತನದ ಕ್ರಮ. ಅಕ್ಕತಂಗಿಯರಲ್ಲಿ ಒಬ್ಬಳು 7 ಎಂಬ ಅಂಕಿಯನ್ನೂ ಇನ್ನೊಬ್ಬಳು 5 ಎಂಬುದನ್ನೂ ಮೂರನೆಯವಳು ಎರಡರ ಮೊತ್ತವಾದ 12ನ್ನೂ ನೆನಪಿಟ್ಟುಕೊಂಡಿದ್ದಾರೆನ್ನೋಣ. ಯಾರೊಬ್ಬಳು ಮರೆತರೂ ಉಳಿದಿಬ್ಬರಿಂದ ಅವಳ ಅಂಕಿಯನ್ನು ಕಂಡುಹಿಡಿಯಬಹುದಷ್ಟೆ? ಕಡತವನ್ನು ತುಂಡುಗಳಾಗಿಸಿ, ಇಂಥ ಲೆಕ್ಕದ ತುಂಡೊಂದನ್ನು ಜೊತೆಗಿಟ್ಟರೆ 8 ಟೆರಾಬೈಟು ಸಿಗುತ್ತದೆ, ಒಂದು ಡಿಸ್ಕಿನ ನಷ್ಟವನ್ನೂ ತಡೆದುಕೊಳ್ಳುತ್ತದೆ. ಆರು ಡಿಸ್ಕುಗಳಿದ್ದಲ್ಲಿ ನಾಲ್ಕು ತುಂಡು, ಎರಡು ಲೆಕ್ಕದ ತುಂಡು ಎಂದು ಇಡುವುದುಂಟು. ಆಗ ಯಾವ ಎರಡು ಹೋದರೂ ಚಿಂತೆಯಿಲ್ಲ. ದೊಡ್ಡ ದೊಡ್ಡ ಕಡತಗಳಿಗೆ ಇದು ಒಳ್ಳೆಯದು. ಸದಾ ತಿದ್ದುವ ಸಣ್ಣ ಕಡತಗಳಿಗೆ, ಪ್ರತಿ ಸಲವೂ ಲೆಕ್ಕ ಮಾಡಬೇಕಾದುದರಿಂದ, ನಿಧಾನ.

ನಮಗೆ ಪ್ರತಿಕರಣವೇ ತಕ್ಕುದೆಂದು ಸೋದರಳಿಯ ನಿರ್ಣಯಿಸಿದ. "ಮೂರು ಯಂತ್ರಗಳನ್ನು ತನ್ನಿ, ಮಾವ" ಎಂದ. ಇಲ್ಲಿ ನನ್ನ ಜಿಪುಣತನ ತಲೆಹಾಕಿತು. ಚಂದಾ ಹಣದಲ್ಲಿ ನಡೆಯುವ ವಾಚನಾಲಯ. ಎರಡು ಪ್ರತಿ ಸಾಲದೇ? ಒಂದು ಕೆಟ್ಟರೆ ಇನ್ನೊಂದು ಇದ್ದೇ ಇದೆಯಲ್ಲ? ಅವನು ಬೇಡವೆಂದ, ನಾನು ಹಿರಿಯನ ಹಟ ಹಿಡಿದೆ. ವಾಲ್ಯೂಮು ಕಟ್ಟುವ ಹೊತ್ತಿಗೆ ಯಂತ್ರವೂ ಒಂದು ಎಚ್ಚರಿಕೆಯನ್ನು ತೆರೆಯ ಮೇಲೆ ಮೂಡಿಸಿತು: ಎರಡು ಪ್ರತಿಗಳ ವಾಲ್ಯೂಮಿನಲ್ಲಿ ಬುದ್ಧಿ ಇಬ್ಭಾಗವಾಗುವ ಅಪಾಯವುಂಟು, ಮುಂದುವರಿಯಬೇಕೆ? ಗುಂಡಿಯೊತ್ತಿ 'ಹೌದು' ಎಂದವನು ನಾನೇ.

ಒಂದು ಯಂತ್ರ ಸ್ಕ್ಯಾನಿಂಗ್ ಕೋಣೆಯಲ್ಲಿ, ಇನ್ನೊಂದು ವಾಚನದ ಕೋಣೆಯಲ್ಲಿ. ನಡುವೆ ಗೋಡೆಯುದ್ದಕ್ಕೂ ಒಂದು ತಂತಿ. ಎಂಟು ತಿಂಗಳು ಎಲ್ಲವೂ ಸುಗಮವಾಗಿ ನಡೆಯಿತು. ಒಮ್ಮೆ ಒಂದು ಯಂತ್ರ ದಿನವಿಡೀ ಕರೆಂಟಿಲ್ಲದೆ ಮಲಗಿದ್ದು ಎದ್ದಾಗ, ಅಷ್ಟರಲ್ಲಿ ಬದಲಾದುದೆಲ್ಲವನ್ನೂ ಇನ್ನೊಂದರಿಂದ ತಾನಾಗಿಯೇ ಕಲಿತುಕೊಂಡಿತು. ಇದಕ್ಕೆ ಸ್ವಯಂ ಚಿಕಿತ್ಸೆಯೆಂದು ಹೆಸರಂತೆ. ನನ್ನ ಲೆಕ್ಕಾಚಾರಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ದೀಪಾವಳಿಗೆ ಮುನ್ನ ವಾಚನಾಲಯಕ್ಕೆ ಸುಣ್ಣ ಹೊಡೆಸಿದೆವು. ಕೆಲಸದವರು ಗೋಡೆಯ ತಂತಿಯನ್ನು ಕಳಚಿ ಬದಿಗಿಟ್ಟರು. ಎರಡು ಕೋಣೆಗಳಲ್ಲಿಯೂ ಕರೆಂಟಿತ್ತು, ಎರಡು ಯಂತ್ರಗಳೂ ಓಡುತ್ತಿದ್ದವು. ಒಂದಕ್ಕೊಂದು ಕಾಣುತ್ತಿರಲಿಲ್ಲ, ಅಷ್ಟೆ. ನಮಗಾರಿಗೂ ಅದು ತಿಳಿಯಲಿಲ್ಲ.

ಭದ್ರೆಗೆ ನೆರೆ ಬಂದು ತಗ್ಗಿನ ಸೇತುವೆ ಮುಳುಗಿದ ದಿನವನ್ನು ನೆನೆಸಿಕೊಳ್ಳಿ. ಈ ದಡದಲ್ಲಿರುವವರಿಗೆ ಆ ದಡದ ಸುದ್ದಿಯಿಲ್ಲ. ಆ ದಡದ ಅಣ್ಣ ಊರಲ್ಲಿ ಇದ್ದಾನೋ ಇಲ್ಲವೋ ತಿಳಿಯದ ತಮ್ಮ, ಮನೆಯ ಯಜಮಾನಿಕೆಯನ್ನು ತಾನೇ ವಹಿಸಿಕೊಂಡು ಗದ್ದೆಯನ್ನು ಒಬ್ಬನಿಗೆ ಗೇಣಿಗೆ ಕೊಡುತ್ತಾನೆ. ಅಣ್ಣನೂ ಹಾಗೆಯೇ ಯೋಚಿಸಿ ಅದೇ ಗದ್ದೆಯನ್ನು ಇನ್ನೊಬ್ಬನಿಗೆ ಕೊಡುತ್ತಾನೆ. ಇಬ್ಬರಲ್ಲಿಯೂ ದುರುದ್ದೇಶವಿಲ್ಲ. ನೀರು ಇಳಿದ ಮೇಲೆ ಗೇಣಿದಾರರಿಬ್ಬರೂ ನೇಗಿಲು ಹೊತ್ತು ಬಂದಾಗ ರಂಪ.

ನಮ್ಮಲ್ಲಿ ನಡೆದುದೂ ಇದೇ. ಸಂಗ್ರಹದಲ್ಲಿ ಎಲ್ಲಕ್ಕಿಂತ ಅಮೂಲ್ಯವಾದುದು ಹೆಸರುಗಳ ಪಟ್ಟಿ: ಯಾವ ಭಾವಚಿತ್ರದಲ್ಲಿ ಯಾರು ಯಾರಿದ್ದಾರೆ ಎಂಬ ಒಂದೇ ಒಂದು ಕಡತ. ಚಿತ್ರಗಳನ್ನು ಮತ್ತೆ ಸ್ಕ್ಯಾನ್ ಮಾಡಬಹುದು; ಹೆಸರುಗಳನ್ನು ಬಲ್ಲವರು ಮತ್ತೆ ಸಿಗುವುದಿಲ್ಲ. ಆ ಎರಡು ದಿನಗಳಲ್ಲಿ ನಮ್ಮ ನಿವೃತ್ತ ಮೇಷ್ಟರು ಸ್ಕ್ಯಾನಿಂಗ್ ಕೋಣೆಯಲ್ಲಿ ಕುಳಿತು ಪಟ್ಟಿಯ ಹಲವು ತಪ್ಪುಗಳನ್ನು ತಿದ್ದಿದರು. ಅದೇ ಹೊತ್ತಿನಲ್ಲಿ ವಾಚನದ ಕೋಣೆಗೆ, ಕಾಗದದ ಯಂತ್ರದ ಮೇಲೆ ಮೂವತ್ತು ವರ್ಷ ದುಡಿದ ಹಿರಿಯರೊಬ್ಬರು ಮೊಮ್ಮಗಳ ಕೈ ಹಿಡಿದುಕೊಂಡು ಬಂದಿದ್ದರು. ಯಾರೂ ಗುರುತಿಸಲಾರದೆ ಬಿಟ್ಟಿದ್ದ ಒಂದು ಗುಂಪು ಚಿತ್ರವನ್ನು ತೋರಿಸಿದಾಗ ಅವರ ಮುಖ ಅರಳಿತು. ಒಬ್ಬೊಬ್ಬರನ್ನಾಗಿ ಹನ್ನೊಂದು ಜನರನ್ನು ಹೆಸರಿಸಿದರು. "ಎಡದಿಂದ ಮೂರನೆಯವನಿಗೆ ಆ ದಿನ ಹಲ್ಲುನೋವು. ಅದಕ್ಕೇ ಮುಖ ಹಾಗೆ ಮಾಡಿಕೊಂಡಿದ್ದಾನೆ. ಇದನ್ನೂ ಬರೆದುಕೊಳ್ಳಿ" ಎಂದರು. ನಗುತ್ತ ಬರೆದುಕೊಂಡೆ.

ಸುಣ್ಣ ಒಣಗಿತು, ತಂತಿ ಸ್ವಸ್ಥಾನ ಸೇರಿತು. ಮರುದಿನ ಪಟ್ಟಿಯನ್ನು ತೆರೆಯಹೋದರೆ ದೋಷವೆಂಬ ಒಂದೇ ಉತ್ತರ. ಪ್ರತಿಯೊಂದು ಯಂತ್ರವೂ, ಜೊತೆಗಾರ ಕಾಣದಿದ್ದಾಗ ತಾನು ಮಾಡಿದ ಬದಲಾವಣೆಗಳ ಗುರುತನ್ನು ಕಡತದ ಬೆನ್ನಿನ ಮೇಲೆ ಬರೆದುಕೊಳ್ಳುತ್ತದೆ: "ಇಷ್ಟನ್ನು ಅವನು ನನ್ನಿಂದ ಕಲಿಯಬೇಕಾಗಿದೆ" ಎಂದು. ಒಂದೇ ಕಡೆ ಗುರುತಿದ್ದರೆ ಚಿಕಿತ್ಸೆ ಸುಲಭ. ಎರಡೂ ಕಡೆ ಇದ್ದರೆ ಇಬ್ಬರೂ ಪರಸ್ಪರ ದೂರುಗಾರರು. ಆಗ ಯಾರದನ್ನೂ ತೋರಿಸದೆ ಸುಮ್ಮನಿರುವುದೇ ಗ್ಲಸ್ಟರಿನ ನಿಯಮ. ಅದು ಒಳ್ಳೆಯ ನಿಯಮವೇ. ತಪ್ಪನ್ನು ಧೈರ್ಯದಿಂದ ತೋರಿಸುವುದಕ್ಕಿಂತ ತಿಳಿಯದೆಂದು ಒಪ್ಪುವುದು ಮೇಲಲ್ಲವೇ?

ಬೆಂಗಳೂರಿಗೆ ಫೋನು ಮಾಡಿದೆ. ಒಂದು ಪ್ರತಿಯನ್ನು ಸರಿಯೆಂದು ಆರಿಸಿದರೆ ಇನ್ನೊಂದು ಅಳಿಸಿಹೋಗುತ್ತದೆಂದು ಸೋದರಳಿಯ ಹೇಳಿದ. "ಏನನ್ನೂ ಮುಟ್ಟಬೇಡಿ. ಈ ಶನಿವಾರ ನಾನೇ ಬರುತ್ತೇನೆ" ಎಂದ. ಆ ಹಿರಿಯರನ್ನು ಮತ್ತೊಮ್ಮೆ ಕರೆಸಿ ಹೆಸರುಗಳನ್ನು ಬರೆದುಕೊಂಡರಾಯಿತೆಂದು ನಾನು ಸಮಾಧಾನ ಮಾಡಿಕೊಂಡೆ. ಶುಕ್ರವಾರ ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಬಂದಿತು.

ಶನಿವಾರ ರಾತ್ರಿ ನಾವು ಮೂವರೂ ಯಂತ್ರಗಳ ಮುಂದೆ ಕುಳಿತೆವು. ಸೋದರಳಿಯ ವಾಲ್ಯೂಮಿನ ಹೊರಬಾಗಿಲನ್ನು ಬಿಟ್ಟು ನೇರವಾಗಿ ಇಟ್ಟಿಗೆಗಳೊಳಗಿನಿಂದ ಎರಡು ಪ್ರತಿಗಳನ್ನೂ ಬೇರೆ ಜಾಗಕ್ಕೆ ತೆಗೆದಿಟ್ಟ. ಮೇಷ್ಟರು ಒಂದನ್ನು ಓದಿದರು, ನಾನು ಇನ್ನೊಂದರೊಡನೆ ತಾಳೆ ನೋಡಿದೆ. ಬೆಳಗಿನ ಜಾವದ ಹೊತ್ತಿಗೆ ಎರಡೂ ಕೂಡಿ ಒಂದಾದವು. ಹನ್ನೊಂದು ಹೆಸರುಗಳೂ ಉಳಿದವು. 'ಹೊಸದಾಗಿ ತಿದ್ದಿದುದೇ ಸರಿ' ಎಂದು ಆತುರದಿಂದ ತೀರ್ಮಾನಿಸಿದ್ದರೆ ಉಳಿಯುತ್ತಿರಲಿಲ್ಲ. ಮೇಷ್ಟರು ತಿದ್ದಿದುದು ಅವರಿಗಿಂತ ಅರ್ಧ ಗಂಟೆ ತಡವಾಗಿ.

ಮರುದಿನವೇ ಮೂರನೆಯ ಯಂತ್ರ ಬಂದಿತು. ವಿಶೇಷವೇನೆಂದರೆ, ಅದಕ್ಕೆ ದೊಡ್ಡ ಡಿಸ್ಕು ಬೇಕಾಗಲಿಲ್ಲ. ಅಟ್ಟದ ಮೇಲಿದ್ದ ಹಳೆಯ ಕಂಪ್ಯೂಟರೇ ಸಾಕಾಯಿತು. ಗ್ಲಸ್ಟರಿನಲ್ಲಿ 2015ರ ಸುಮಾರಿಗೆ ಬಂದ 'ಆರ್ಬಿಟರ್', ಎಂದರೆ ಪಂಚ, ಎಂಬ ಏರ್ಪಾಡಿನಲ್ಲಿ ಮೂರನೆಯ ಇಟ್ಟಿಗೆಯಲ್ಲಿ ಕಡತಗಳ ಹೆಸರೂ ಬದಲಾವಣೆಯ ಗುರುತುಗಳೂ ಮಾತ್ರ ಇರುತ್ತವೆ, ಒಳಗಿನ ವಿಷಯವಿರುವುದಿಲ್ಲ. ಆಸ್ತಿಯಿಲ್ಲ, ಸಾಕ್ಷಿ ಹೇಳುವ ಅಧಿಕಾರವಷ್ಟೇ. ಇನ್ನು ಮೇಲೆ ಮೂವರಲ್ಲಿ ಇಬ್ಬರಾದರೂ ಕೂಡಿದ್ದರೆ ಮಾತ್ರ ಬರೆಯಲು ಅಪ್ಪಣೆ. ಒಂಟಿಯಾದವನು ಬರೆಯಲು ಒಪ್ಪುವುದಿಲ್ಲ. ಜಗತ್ತಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸೆಫ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿಯೂ ರೂಢಿಯ ಲೆಕ್ಕ ಇದೇ: ಮೂರು ಪ್ರತಿ, ಕೊನೆಯಪಕ್ಷ ಎರಡಾದರೂ ಎಚ್ಚರವಾಗಿರಬೇಕು. ಪಂಚಾಯಿತಿಕಟ್ಟೆಯಲ್ಲಿ ಬೆಸ ಸಂಖ್ಯೆಯ ಹಿರಿಯರನ್ನು ಕೂಡಿಸುತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಂಥ ಸಂಗ್ರಹ ಕಟ್ಟುವ ಶಾಲೆ, ಸಂಘಗಳವರಿಗೆ ಸೋದರಳಿಯ ಹೇಳಿದ ಎರಡು ಮಾತುಗಳನ್ನು ಮುಟ್ಟಿಸಿಬಿಡುತ್ತೇನೆ. ಇಟ್ಟಿಗೆಗಳನ್ನು ಹೇಳುವ ಅನುಕ್ರಮಕ್ಕೆ ಬೆಲೆಯುಂಟು. ಒಂದೊಂದು ಯಂತ್ರದಲ್ಲಿ ಎರಡೆರಡು ಡಿಸ್ಕುಗಳಿದ್ದು, ಆಜ್ಞೆಯಲ್ಲಿ ಮೊದಲ ಯಂತ್ರದ ಡಿಸ್ಕುಗಳನ್ನು ಒತ್ತೊತ್ತಾಗಿ ಬರೆದರೆ, ಜೊತೆಗೂಡುವ ಪ್ರತಿಗಳು ಒಂದೇ ಯಂತ್ರದಲ್ಲಿ ಕೂರುತ್ತವೆ. ಆ ಯಂತ್ರ ಮಲಗಿದರೆ ಅವೆಲ್ಲವೂ ಮಲಗುತ್ತವೆ. ಆದುದರಿಂದ ಮೊದಲು ಒಂದೊಂದು ಯಂತ್ರದಿಂದ ಒಂದೊಂದನ್ನು ಹೇಳಿ, ಆಮೇಲೆ ಎರಡನೆಯ ಸುತ್ತು ಬರಬೇಕು. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಪ್ರತಿಗಳಿದ್ದ ಮಾತ್ರಕ್ಕೆ ಕಾಪು ಇದ್ದಂತಲ್ಲ. ಯಾರಾದರೂ ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ ಮೂರೂ ಯಂತ್ರಗಳು ವಿಧೇಯತೆಯಿಂದ ಅಳಿಸುತ್ತವೆ. ಸಂಗ್ರಹದಿಂದ ಬೇರೆಯಾಗಿ, ಬೇರೆ ಊರಿನಲ್ಲಿ, ಒಂದು ಪ್ರತಿ ಇರಲೇಬೇಕು. ನಮ್ಮದು ಈಗ ಬೆಂಗಳೂರಿನಲ್ಲಿ ತಂಗಿಯ ಮನೆಯ ಬೀರುವಿನಲ್ಲಿದೆ. ಆರು ತಿಂಗಳಿಗೊಮ್ಮೆ ಅದನ್ನು ತೆರೆದು ನಿಜವಾಗಿಯೂ ಓದಲು ಬರುವುದೇ ಎಂದು ನೋಡುತ್ತೇವೆ. ಕ್ಲಸ್ಟರು ಕಟ್ಟಬೇಕಾಗಿಲ್ಲದ ಮನೆಗಳಿಗೂ ಇಷ್ಟು ಸಾಧ್ಯ: ಫೋಟೋಗಳ ಮೂರು ಪ್ರತಿ, ಅದರಲ್ಲಿ ಒಂದು ಬೇರೆಯವರ ಮನೆಯಲ್ಲಿ, ವರ್ಷಕ್ಕೆರಡು ಸಲ ಪರೀಕ್ಷೆ.

ಸಂಕ್ರಾಂತಿಯ ಮರುದಿನ ಆ ಹಿರಿಯರ ಮೊಮ್ಮಗಳು ಎಳ್ಳುಬೆಲ್ಲ ಕೊಡಲು ವಾಚನಾಲಯಕ್ಕೆ ಬಂದಳು. ತಾತ ಹೆಸರು ಹೇಳಿದ ಚಿತ್ರವನ್ನು ನೋಡಬೇಕೆಂದಳು. ತೆರೆದು ತೋರಿಸಿದೆ. ಕೆಳಗಿನ ಹೆಸರುಗಳನ್ನು ಒಂದೊಂದಾಗಿ ಬೆರಳಿಟ್ಟು ಓದುತ್ತ ಹೋದವಳು ಎಡದಿಂದ ಮೂರನೆಯವನ ಬಳಿ ನಿಂತು ಕಿಲಕಿಲನೆ ನಕ್ಕಳು.

"ತಾತ ಹೇಳಿದ ಹಾಗೇ ಬರೆದಿದ್ದೀರಿ" ಎಂದಳು.